ಮಗುವಿಗೆ ಹಸಿವಂತೆ

ಆಗೆಲ್ಲ ನಮ್ಮ ಮುಳಬಾಗಿಲಿನಲ್ಲಿ ಹೆಂಗಸೊಬ್ಬಳು ಹೋಟೆಲಿನಲ್ಲಿ ಕೂತು ಕಾಫಿ ಕುಡಿಯಬೇಕಾದರೆ ಜೊತೆಗೊಂದು ಮಗುವಾದರೂ ಬೇಕಿತ್ತು. ಗಂಡ ಇದ್ದರೆ ಸರಿಯೇ ಸರಿ. ಗಂಡ ಇಲ್ಲದಿದ್ದರೆ ಮಗು. ಎರಡೂ ಇಲ್ಲದೆ ಒಬ್ಬಳೇ ಹೋಗಿ ಕೂತರೆ ಎದ್ದು ಹೋಗು ಅಂತ ಯಾರೂ ಅನ್ನುತ್ತಿರಲಿಲ್ಲ, ನಿಜ. ಆದರೆ ಅವಳಿಗಿಂತ ಮುಂಚೆ ಸುದ್ದಿ ಅವಳ ಮನೆ ಸೇರಿರುತ್ತಿತ್ತು. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಮಾತು. ಆ ವರ್ಷ ನಮ್ಮಮ್ಮನಿಗೆ ಬೇಕಾಗಿದ್ದ ಆ ಮಗು ನಾನು. ನನಗೆ ಆಗ ಹತ್ತು ವರ್ಷ.

ಅಮ್ಮ ಬೈರಕೂರಿನ ಕಡೆ ಒಂದು ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಬಾಗಿಲಿಗೆ ನೀರು ಹಾಕಿ, ಒಲೆ ಹಚ್ಚಿ, ಅಪ್ಪನಿಗೆ, ಅಜ್ಜಿಗೆ, ನನಗೆ ಎಲ್ಲ ಮಾಡಿಟ್ಟು, ಡಬ್ಬಿ ಕಟ್ಟಿಕೊಂಡು ಎಂಟು ಗಂಟೆಯ ಬಸ್ಸಿಗೆ ಓಡುತ್ತಿದ್ದಳು. ಅಲ್ಲಿ ನಾಲ್ಕು ಕ್ಲಾಸಿಗೆ ಇಬ್ಬರೇ ಟೀಚರು. ದಿನವಿಡೀ ಕಿರುಚಿ ಕಿರುಚಿ ಸಂಜೆ ಬಸ್ಸು ಇಳಿಯುವ ಹೊತ್ತಿಗೆ ಅವಳ ಗಂಟಲು ಕಟ್ಟಿಹೋಗಿರುತ್ತಿತ್ತು. ಕೈಮೇಲೆಲ್ಲ ಸೀಮೆಸುಣ್ಣದ ಪುಡಿ, ಸೆರಗಿನ ತುಂಬ ರಸ್ತೆಯ ಧೂಳು. ನಾನು ಈಗ ಅವಳಷ್ಟೇ ವಯಸ್ಸಿನವಳು, ಅವಳ ಅರ್ಧದಷ್ಟೂ ಕೆಲಸ ಮಾಡುವುದಿಲ್ಲ, ಆದರೂ ಸಂಜೆಯಾಗುವಷ್ಟರಲ್ಲಿ ಸಾಕಪ್ಪಾ ಸಾಕು ಅನಿಸುತ್ತದೆ. ಅವಳಿಗೆ ಏನನ್ನಿಸುತ್ತಿತ್ತೋ ದೇವರೇ ಬಲ್ಲ. ಅವಳು ಹೇಳಿದವಳಲ್ಲ.

ನನ್ನ ಸ್ಕೂಲು ಬಸ್ ಸ್ಟ್ಯಾಂಡಿಗೆ ಹತ್ತಿರ. ನಾಲ್ಕೂವರೆಗೆ ಬೆಲ್ಲು ಹೊಡೆದರೆ ನನ್ನ ಗೆಳತಿಯರು ಅಲ್ಲೇ ಮೈದಾನದಲ್ಲಿ ಕುಂಟೆಬಿಲ್ಲೆಗೆ ಗೆರೆ ಎಳೆಯುತ್ತಿದ್ದರು. ನಾನು ಮಾತ್ರ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ. "ಎಲ್ಲಿಗೇ ಹೋಗ್ತೀಯ ದಿನಾ?" ಅಂತ ಕೇಳಿದರೆ, "ಅಮ್ಮನ್ನ ಕರ್ಕೊಂಡು ಬರೋಕೆ" ಅನ್ನುತ್ತಿದ್ದೆ. "ನಿಮ್ಮಮ್ಮಂಗೇನು ದಾರಿ ಗೊತ್ತಿಲ್ವಾ?" ಅಂತ ನಗುತ್ತಿದ್ದರು. ನನಗೂ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಐದಕ್ಕೆ ಕಾಲು ಗಂಟೆ ಇರುವಾಗ ಬಸ್ಸು ಬರುತ್ತಿತ್ತು. ಅಮ್ಮ ಇಳಿದವಳೇ ನನ್ನ ಕೈ ಹಿಡಿದು ರಸ್ತೆ ದಾಟುವುದು, ಎದುರಿನ ಹೋಟೆಲಿನ ಎರಡು ಮೆಟ್ಟಿಲು ಹತ್ತುವುದು. ಗಲ್ಲಾ ಮೇಲೆ ಕೂತಿದ್ದ ಯಜಮಾನರ ಮುಖ ನೋಡದೆ, ಗೋಡೆಗೆ ಹೇಳುವ ಹಾಗೆ, "ಮಗು ಹಸಿವು ಅಂತ ಒಂದೇ ಹಠ" ಅನ್ನುತ್ತಿದ್ದಳು.

"ಪಾಪ, ಒಳಗೆ ಕೂತ್ಕೊಳ್ಳಿ ಟೀಚರಮ್ಮ" ಅನ್ನುತ್ತಿದ್ದರು ಅವರು. ದಿನಾ ಅದೇ ಮಾತು, ದಿನಾ ಅದೇ ಉತ್ತರ. ನನಗೆ ಹಸಿವೂ ಇಲ್ಲ, ಮಣ್ಣೂ ಇಲ್ಲ. ಮಧ್ಯಾಹ್ನ ಅಜ್ಜಿ ಹಾಕಿದ್ದ ಅನ್ನ ಗಂಟಲವರೆಗೂ ಇರುತ್ತಿತ್ತು. ಆದರೂ ಆ ಗಲ್ಲಾ ದಾಟುವಾಗ ಮುಖವನ್ನು ಸ್ವಲ್ಪ ಸಪ್ಪಗೆ ಮಾಡಿಕೊಳ್ಳುವುದನ್ನು ಕಲಿತುಬಿಟ್ಟಿದ್ದೆ. ನಾಟಕದಲ್ಲಿ ನನಗೆ ಯಾರೂ ಪಾರ್ಟು ಕೊಡಲಿಲ್ಲ, ಕೊಟ್ಟಿದ್ದರೆ ಚೆನ್ನಾಗಿಯೇ ಮಾಡುತ್ತಿದ್ದೆ.

ಒಳಗೆ ಅಂದರೆ ಫ್ಯಾಮಿಲಿ ರೂಮು. ನಿಮ್ಮಲ್ಲಿ ಆ ಕಾಲದವರಿದ್ದರೆ ಅದು ನೆನಪಿರುತ್ತದೆ. ಹೋಟೆಲಿನ ಮೂಲೆಗೆ ಒಂದು ಹಲಗೆಯ ಗೋಡೆ, ಬಾಗಿಲಿಗೆ ಹೂವಿನ ಚಿತ್ರದ, ಕೈ ಒರೆಸಿ ಒರೆಸಿ ಅಂಚು ಕಪ್ಪಾದ ಒಂದು ಪರದೆ, ಒಳಗೆ ಮೂರು ಮೇಜು. ಮೇಲೆ ಫ್ಯಾನು, ತಿರುಗಿದರೆ ತಿರುಗಿತು. ಬೋಂಡದ ಎಣ್ಣೆ, ಕಾಫಿ ಪುಡಿ, ಒದ್ದೆ ಬಟ್ಟೆ ಎಲ್ಲ ಸೇರಿ ಒಂದು ವಾಸನೆ. ಆಚೆ ಗಂಡಸರ ಗಲಾಟೆ, ಲೋಟಗಳ ಸದ್ದು, ರೇಷ್ಮೆಗೂಡಿನ ರೇಟು, ರಾಜಕೀಯ. ಪರದೆಯ ಈಚೆ ಅಮ್ಮ ಮತ್ತು ನಾನು.

ಸಪ್ಲೈಯರ್ ಚಲಪತಿ ಪಲಮನೇರಿನ ಕಡೆಯವನು. ಐವತ್ತು ದಾಟಿದ ಮನುಷ್ಯ, ತೆಲುಗಿನಲ್ಲಿ ಶುರು ಮಾಡಿದ್ದನ್ನು ಕನ್ನಡದಲ್ಲಿ ಮುಗಿಸುತ್ತಿದ್ದ. ನಾವು ಪರದೆ ಸರಿಸಿದ ಕೂಡಲೇ ಒಳಗಿನ ಒಲೆಯ ಕಡೆ ತಿರುಗಿ, "ಟೀಚರಮ್ಮ ವಚ್ಚಾರು! ಒಕಟಿ ಸ್ಟ್ರಾಂಗು, ಸಕ್ಕರೆ ಕಮ್ಮಿ, ನೊರೆ ಇರಬಾರ್ದು!" ಅಂತ ಕೂಗುತ್ತಿದ್ದ. ಮೊದಲ ದಿನ ಅವನು ಎಲ್ಲರಿಗೂ ಮಾಡುವ ಹಾಗೆ ಲೋಟ ಎತ್ತಿ ಎತ್ತಿ ಹೊಯ್ದು ಮೇಲೆ ಬೆಳ್ಳಗೆ ನೊರೆ ಬರಿಸಿ ತಂದಿಟ್ಟಿದ್ದ. ಅಮ್ಮ, "ನೊರೆ ಅಂದ್ರೆ ಗಾಳಿ ಕಣಪ್ಪ, ನನಗೆ ಕಾಫಿ ಕೊಡು" ಅಂದಿದ್ದಳು. ಆವತ್ತಿನಿಂದ ಅವನು ಅವಳಿಗೆ ನೊರೆ ಹಾಕಲಿಲ್ಲ. ನನಗೆ ಒಂದು ಬೋಂಡ. ಮಕ್ಕಳು ಕಾಫಿ ಕುಡಿದರೆ ಕಪ್ಪಗಾಗುತ್ತಾರೆ ಅನ್ನುವುದು ಆಗ ಎಲ್ಲರೂ ನಂಬಿದ್ದ ಶಾಸ್ತ್ರ.

ಕಾಫಿ ಬರುವ ಮೊದಲು ಅಮ್ಮ ಮೇಜಿನ ಕೆಳಗೆ ಚಪ್ಪಲಿ ಬಿಟ್ಟು ಎರಡೂ ಕಾಲನ್ನು ತಣ್ಣನೆಯ ನೆಲದ ಮೇಲೆ ಇಡುತ್ತಿದ್ದಳು. ಬೆನ್ನು ಗೋಡೆಗೆ. ನಾನು ಕ್ಲಾಸಿನ ಸಮಾಚಾರ ಶುರು ಮಾಡಿದರೆ, "ಹತ್ತು ನಿಮಿಷ ಮಾತಾಡಬೇಡ ಕಣೇ ಬಂಗಾರ" ಅನ್ನುತ್ತಿದ್ದಳು. ಸಿಟ್ಟಿನಿಂದಲ್ಲ. ಆಮೇಲೆ ಲೋಟ ಎರಡೂ ಕೈಯಲ್ಲಿ ಹಿಡಿದು, ಎದುರಿನ ಗೋಡೆಯ ಹಳೇ ಕ್ಯಾಲೆಂಡರು ನೋಡುತ್ತ, ನಿಧಾನವಾಗಿ, ಬಹಳ ನಿಧಾನವಾಗಿ ಕುಡಿಯುತ್ತಿದ್ದಳು. ನಾನು ಬೋಂಡ ತಿಂದು, ಬೋಂಡದ ಕೆಳಗಿನ ಪೇಪರಿನಲ್ಲಿ ಎಣ್ಣೆಗೆ ಮಸುಕಾಗದೆ ಉಳಿದ ಅಕ್ಷರ ಓದಿ, ಮೇಜಿನ ಮೇಲಿನ ಇರುವೆಗೆ ದಾರಿ ಅಡ್ಡಗಟ್ಟಿ, ಎಲ್ಲ ಆದಮೇಲೂ ಅವಳ ಲೋಟದಲ್ಲಿ ಇನ್ನೂ ಅರ್ಧ ಇರುತ್ತಿತ್ತು. ಎಂಥಾ ಬೇಜಾರು ಅಂತೀರಾ! ಅಷ್ಟು ಹೊತ್ತು ಒಂದು ಲೋಟ ಕಾಫಿಯಲ್ಲಿ ಏನಿರುತ್ತದೆ ಅಂತ ನನಗೆ ಅರ್ಥವೇ ಆಗುತ್ತಿರಲಿಲ್ಲ.

ಎದ್ದು ಹೊರಟಾಗ ಅಮ್ಮ ಚೀಲದಿಂದ ಒಂದು ಲವಂಗ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕಾಫಿ ವಾಸನೆ ಹೋಗಲಿ ಅಂತ. ನಾವು ಮನೆ ಸೇರುವಾಗ ಐದೂವರೆ.

"ಆ ಬಸ್ಸಿಗೆ ಏನು ದೊಡ್ಡರೋಗ ಬಂದಿದೆಯೋ, ದಿನಾ ಲೇಟು!" ಅಂತ ಅಜ್ಜಿ ಬಾಗಿಲಲ್ಲೇ ಬಸ್ಸಿಗೆ ಶಾಪ ಹಾಕುತ್ತಿದ್ದಳು.

"ಏನ್ ಮಾಡೋದು ಅತ್ತೆ, ದಾರೀಲಿ ನಿಲ್ಲಿಸ್ತಾನೇ ಇರ್ತಾನೆ" ಅನ್ನುತ್ತಿದ್ದಳು ಅಮ್ಮ. ನಾನು ಚೀಲ ಇಳಿಸಿ ಒಳಗೆ ಓಡುತ್ತಿದ್ದೆ. ಹೋಟೆಲಿನ ಮಾತು ಹೇಳಬೇಡ ಅಂತ ಅಮ್ಮ ನನಗೆ ಒಂದು ದಿನವೂ ಹೇಳಿರಲಿಲ್ಲ. ಹೇಳಬಾರದು ಅಂತ ನನಗೆ ಗೊತ್ತಿತ್ತು ಅಷ್ಟೇ.

ಮನೆಯಲ್ಲಿ ಕಾಫಿ ಇರಲಿಲ್ಲವೇ ಅಂತ ನೀವು ಕೇಳಬಹುದು. ಇತ್ತು. ಅಜ್ಜಿ, ಅಂದರೆ ಅಪ್ಪನ ಅಮ್ಮ, ಕಾಫಿಯಲ್ಲಿ ಬಹಳ ಕಟ್ಟುನಿಟ್ಟು. ಮಧ್ಯಾಹ್ನ ಮೂರೂವರೆಗೆ ಹಿತ್ತಾಳೆ ಫಿಲ್ಟರಿಗೆ ಪುಡಿ ತುಂಬಿ ನೀರು ಹಾಕಿದರೆ ನಾಲ್ಕೂವರೆಗೆ ಮೊದಲನೇ ಡಿಕಾಕ್ಷನ್ ಇಳಿಯುತ್ತಿತ್ತು, ಗಟ್ಟಿ, ಕಪ್ಪು ಜೇನಿನ ಹಾಗೆ. ಅದು ಅಪ್ಪನಿಗೆ, ಅಜ್ಜಿಗೆ, ಬಂದವರಿದ್ದರೆ ಬಂದವರಿಗೆ. ಆಮೇಲೆ ಅದೇ ಪುಡಿಯ ಮೇಲೆ ಇನ್ನೊಂದು ಸಲ ಬಿಸಿನೀರು. ಈ ಎರಡನೇ ಡಿಕಾಕ್ಷನ್ ಮನೆಯ ಸೊಸೆಗೆ. ಹಾಲು ಹಾಕಿದರೆ ಕಾಫಿಯ ಬಣ್ಣವೇನೋ ಬರುತ್ತಿತ್ತು. ಅಜ್ಜಿ ಕೆಟ್ಟವಳಲ್ಲ, ಅದು ಅವಳ ಕಾಲದಿಂದ ಬಂದ ಪದ್ಧತಿ. "ನಮ್ಮತ್ತೆ ಹೋಗಿ, ವೈಕುಂಠ ಸಮಾರಾಧನೆ ಮುಗಿಯೋವರೆಗೂ ನಾನೂ ಎರಡನೇದೇ ಕುಡಿದದ್ದು" ಅಂತ ಅವಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಮೂವತ್ತು ವರ್ಷ ಕಾದು ಗಳಿಸಿದ ಮೊದಲನೇ ಡಿಕಾಕ್ಷನ್ನು ಅವಳದು. ಅಮ್ಮ ಆ ಎರಡನೆಯದನ್ನು ಅಡುಗೆಮನೆಯಲ್ಲಿ ನಿಂತೇ ಎರಡು ಗುಟುಕಿಗೆ ಮುಗಿಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ರಾತ್ರಿಯ ಅಡುಗೆಗೆ ಇಳಿಯುತ್ತಿದ್ದಳು. "ಸುಶೀಲಾ, ಸೊಪ್ಪು ಸೋಸಿದೆಯಾ?" "ಸುಶೀಲಾ, ನನ್ನ ಕನ್ನಡಕ ಎಲ್ಲಿ?" "ಅಮ್ಮಾ, ಲೆಕ್ಕ ಬರ್ತಿಲ್ಲ." ಮೂರು ಕಡೆಯಿಂದ ಮೂರು ಕೂಗು.

ಅದು ಅವರೆಕಾಯಿ ಕಾಲ. ನಮ್ಮ ಸೀಮೆಯಲ್ಲಿ ಅವರೆ ಬಂತೆಂದರೆ ಬೇರೆ ತರಕಾರಿಗೆ ಮರ್ಯಾದೆಯೇ ಇಲ್ಲ. ಬೀದಿ ತುಂಬ ಸೊಗಡು, ಬೀದಿ ತುಂಬ ಸಿಪ್ಪೆ. ಅಪ್ಪ ತರಕಾರಿ ಮಂಡಿಯಲ್ಲಿ ಲೆಕ್ಕ ಬರೆಯುವವನು, ಬರುವಾಗ ದಿನಾ ಒಂದು ಚೀಲ ಹೊತ್ತು ತರುತ್ತಿದ್ದ. ಬಿಡಿಸಿ, ನೀರಲ್ಲಿ ನೆನೆಸಿ, ಒಂದೊಂದೇ ಕಾಳನ್ನು ಹಿತುಕಿ ಬೇಳೆ ಮಾಡಬೇಕು. ತಿನ್ನೋಕೆ ಸ್ವರ್ಗ, ಮಾಡೋಕೆ ನರಕ. ಅಮ್ಮನ ಹೆಬ್ಬೆರಳಿನ ತುದಿ ಸುಕ್ಕುಗಟ್ಟಿ ಬಿರುಕು ಬಿಟ್ಟಿತ್ತು, ಅದರೊಳಗೆ ಸೀಮೆಸುಣ್ಣ ಹೋಗಿ ಉರಿಯುತ್ತಿತ್ತಂತೆ. ಆ ಚಳಿಗೆ, ಆ ನೀರಿಗೆ, ಆ ಬಸ್ಸಿಗೆ ಒಂದು ದಿನ ಅಮ್ಮ ಜ್ವರ ಬಂದು ಮಲಗಿಬಿಟ್ಟಳು.

ಅಮ್ಮ ಮಲಗಿದ್ದನ್ನು ನಾನು ಅಲ್ಲಿಯವರೆಗೂ ಹಗಲು ಹೊತ್ತಿನಲ್ಲಿ ನೋಡಿರಲಿಲ್ಲ. ನಡುಮನೆಯಲ್ಲಿ ಚಾಪೆ, ಎರಡು ಕಂಬಳಿ. ಅಜ್ಜಿ ಕಷಾಯ ಮಾಡಿ ಕೊಟ್ಟಳು, ಗಂಜಿ ಮಾಡಿ ಕೊಟ್ಟಳು, ಹಣೆಗೆ ಪಟ್ಟಿ ಹಾಕಿದಳು. ಸಂಜೆಯಾದರೆ ಲೋಟದಲ್ಲಿ ಕಾಫಿಯನ್ನೂ ತಂದಿಡುತ್ತಿದ್ದಳು, ಎರಡನೆಯದು. ಅಮ್ಮ ತುಟಿಗೆ ಸೋಕಿಸಿ, "ಬೇಡ ಅತ್ತೆ, ಬಾಯೆಲ್ಲ ಕಹಿ" ಅಂತ ಪಕ್ಕಕ್ಕಿಡುತ್ತಿದ್ದಳು. ಹೀಗೇ ಮೂರು ದಿನ. ಕಾಫಿಯನ್ನೇ ಬಿಟ್ಟ ಅಮ್ಮ ಉಳಿಯುತ್ತಾಳಾ ಅಂತ ನನಗೆ ಹೆದರಿಕೆಯಾಯಿತು. ಅವಳಿಗೆ ಬೇಕಾಗಿರುವುದು ಈ ಕಾಫಿ ಅಲ್ಲ, ಆ ಕಾಫಿ ಅಂತ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.

ನಾಲ್ಕನೇ ದಿನ ಸಂಜೆ ಅಡುಗೆಮನೆಯ ಗೂಡಿನಿಂದ ಸ್ಟೀಲಿನ ಕೂಜ ತೆಗೆದುಕೊಂಡು ನಾನೊಬ್ಬಳೇ ಹೋಟೆಲಿಗೆ ಓಡಿದೆ.

"ಏಮ್ಮಾ, ಟೀಚರಮ್ಮ ಕಾಣಿಸ್ತಾನೇ ಇಲ್ವಲ್ಲ?" ಅಂದ ಚಲಪತಿ.

"ಜ್ವರ. ಅವಳ ಕಾಫಿ ಕೊಡು."

"ಅಯ್ಯೋ ಪಾಪಂ!" ಅಂದವನು ತಾನೇ ಒಳಗೆ ಹೋಗಿ ನಿಂತು ಮಾಡಿಸಿಕೊಂಡು ಬಂದ. ಕೂಜದ ಮುಚ್ಚಳ ಒತ್ತಿ ಮುಚ್ಚಿ, ಮೇಲೆ ಒಂದು ಬಾಳೆಲೆ ತುಂಡು ಸುತ್ತಿ, "ಓಡಬೇಡಮ್ಮಾ, ಚೆಲ್ಲುತ್ತೆ" ಅಂದ. ಯಜಮಾನರು ಕಾಸು ಬೇಡ ಅಂತ ಕೈಯಾಡಿಸಿದರು. ಬಿಸಿ ಕೂಜವನ್ನು ಲಂಗದಲ್ಲಿ ಹಿಡಿದುಕೊಂಡು, ಕೈ ಸುಡುತ್ತಿದ್ದರೂ ಬದಲಾಯಿಸದೆ ನಡೆದುಬಂದೆ. ಜನ್ಮದಲ್ಲಿ ಅಷ್ಟು ಒಳ್ಳೆಯ ಕೆಲಸ ನಾನು ಇನ್ನೊಂದು ಮಾಡಿಲ್ಲ ಅಂತಲೇ ಅಂದುಕೊಂಡಿದ್ದೆ.

ಅಜ್ಜಿ ನಡುಮನೆಯಲ್ಲೇ ಅಮ್ಮನ ಚಾಪೆಯ ಪಕ್ಕ ಮೊರ ಇಟ್ಟುಕೊಂಡು ಅವರೆ ಬಿಡಿಸುತ್ತಿದ್ದಳು. ಅಪ್ಪ ಆಗತಾನೆ ಬಂದು ಶರ್ಟು ಬಿಚ್ಚುತ್ತಿದ್ದ.

"ಏನೇ ಅದು ಕೂಜದಲ್ಲಿ?" ಅಂದಳು ಅಜ್ಜಿ.

"ಕಾಫಿ. ಅಮ್ಮಂಗೆ. ಹೋಟೆಲಿಂದು."

"ಹೋಟೆಲಿಂದು?" ಅಜ್ಜಿಯ ಕೈ ನಿಂತಿತು. "ಯಾರೇ ನಿನಗೆ ಹೇಳಿದ್ದು? ಯಾರು ಕುಡೀತಾರೇ ಅದನ್ನ?"

"ಅಮ್ಮ ದಿನಾ ಕುಡೀತಾಳಲ್ಲ ಅಜ್ಜಿ. ಅವಳಿಗೆ ಹೇಗೆ ಬೇಕು ಅಂತ ಚಲಪತಿಗೆ ಗೊತ್ತು."

ಅಷ್ಟು ಹೇಳಿದ ಮೇಲೆ ಏನೋ ಎಡವಟ್ಟಾಯಿತು ಅಂತ ನನಗೆ ತಿಳಿಯಿತು. ಏನು ಅಂತ ತಿಳಿಯಲಿಲ್ಲ. ಅಮ್ಮ ಕಂಬಳಿಯೊಳಗಿಂದಲೇ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಬೈಯುವ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅದು ಬೈಯುವ ನೋಟವಾಗಿರಲಿಲ್ಲ, ಬರೀ ಸುಸ್ತು.

"ದಿನಾನಾ?" ಅಂದ ಅಪ್ಪ. "ಹೋಟೆಲಿಗೆ ಹೋಗೋ ಅಂಥದ್ದು ಏನಿತ್ತು? ನಮ್ಮನೇಲಿ ಕಾಫಿ ಇಲ್ವಾ?" ಬೆಳಿಗ್ಗೆ ಮಂಡಿಗೆ ಹೋಗುವ ಮೊದಲು ಅದೇ ಹೋಟೆಲಿನಲ್ಲಿ ಸ್ನೇಹಿತರ ಜೊತೆ ಅರ್ಧ ಗಂಟೆ ಕೂತು ಬೈ ಟೂ ಕುಡಿಯುತ್ತಿದ್ದ ಮಹಾನುಭಾವ ಅಪ್ಪ. ಅದನ್ನು ಆಗ ಯಾರೂ ಹೇಳಲಿಲ್ಲ. ಈಗ ನಾನು ಹೇಳುತ್ತಿದ್ದೇನೆ.

ಅಜ್ಜಿ ಮಾತ್ರ ಕೂಗಾಡಲಿಲ್ಲ. ಮೊರದಿಂದ ಇನ್ನೊಂದು ಕಾಯಿ ತೆಗೆದು ಬಿಡಿಸುತ್ತ, "ಹಾಗಾದ್ರೆ ಬಸ್ಸು ಸರಿಯಾಗೇ ಬರ್ತಿತ್ತು ಅನ್ನು" ಅಂದಳು.

ಅಮ್ಮ ಎದ್ದು ಕೂರಲು ನೋಡಿದಳು. "ಅತ್ತೆ..."

"ಮಲಕ್ಕೋ, ಮಲಕ್ಕೋ. ಯಾರೇನಂದ್ರು ಈಗ?" ಅಜ್ಜಿ ನನ್ನ ಕಡೆ ತಿರುಗಿದಳು. "ಹೇಗೆ ಬೇಕಂತೆ ನಿಮ್ಮಮ್ಮಂಗೆ ಕಾಫಿ?"

"ಸ್ಟ್ರಾಂಗು, ಸಕ್ಕರೆ ಕಮ್ಮಿ, ನೊರೆ ಇರಬಾರದು" ಅಂದೆ ನಾನು, ಪಾಠ ಒಪ್ಪಿಸಿದ ಹಾಗೆ.

"ಹದಿಮೂರು ವರ್ಷ ಆಯ್ತು ನನ್ನ ಮನೆಗೆ ಬಂದು. ಹೋಟೆಲಿನವನಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ ನೋಡು" ಅಂದಳು ಅಜ್ಜಿ. ಆಮೇಲೆ ತಾನೇ ಲೋಟ ತಂದು, ಹೋಟೆಲಿನದ್ದನ್ನು ಎಂದೂ ಮುಟ್ಟದವಳು ಆ ಕೂಜ ಬಗ್ಗಿಸಿ ಕಾಫಿ ಸುರಿದುಕೊಟ್ಟಳು. "ಕುಡಿ. ಮಗು ತಂದಿದೆ." ನಾವು ಮೂವರೂ ನೋಡುತ್ತಿದ್ದ ಹಾಗೆ ಅಮ್ಮ ಅದನ್ನು ಔಷಧಿ ಕುಡಿದ ಹಾಗೆ ಒಂದೇ ಉಸಿರಿಗೆ ಕುಡಿದು ಲೋಟ ಕೆಳಗಿಟ್ಟಳು. ಅಜ್ಜಿ ಕೂಜವನ್ನು ಹಿತ್ತಲಿಗೆ ಒಯ್ದು ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ತೊಳೆದು, ತಾನೂ ಸ್ನಾನ ಮಾಡಿ ಬಂದಳು.

ಜ್ವರ ಬಿಟ್ಟು ಅಮ್ಮ ಮತ್ತೆ ಸ್ಕೂಲಿಗೆ ಹೊರಟ ದಿನ ಅಜ್ಜಿ ಬಾಗಿಲಲ್ಲಿ ನಿಂತು ಹೇಳಿದಳು: "ಇವತ್ತಿಂದ ಮೊದಲನೇದು ನಿನಗೇ ಎತ್ತಿಡ್ತೀನಿ ಸುಶೀಲಾ. ಐದು ಗಂಟೆಗೆ ಬಂದ್ಬಿಡು, ಆರಿದ್ರೆ ಚೆನ್ನಾಗಿರಲ್ಲ."

"ನಿಮಗೆ ಅತ್ತೆ?"

"ನಾನು ಎರಡನೇದು ಕುಡೀತೀನಿ. ನನಗೇನು ಅಭ್ಯಾಸ ಇಲ್ವಾ?"

ಆ ಸಂಜೆ ಬಸ್ಸು ಇಳಿದ ಅಮ್ಮನ ಕೈ ಹಿಡಿದು ನಾನು ಯಾವಾಗಿನಂತೆ ರಸ್ತೆ ದಾಟಲು ಹೊರಟೆ. ಅವಳು ನನ್ನನ್ನು ಈ ಕಡೆ ಎಳೆದುಕೊಂಡಳು. ಹೋಟೆಲಿನ ಬಾಗಿಲಲ್ಲಿ ನಿಂತಿದ್ದ ಚಲಪತಿ ನಗುತ್ತ ಕೈ ಎತ್ತಿದ. ಅಮ್ಮ ನೋಡದವಳ ಹಾಗೆ ತಲೆ ತಗ್ಗಿಸಿ, "ನಡಿ, ಅಜ್ಜಿ ಕಾಯ್ತಿರ್ತಾರೆ" ಅಂದಳು.

ಅಜ್ಜಿ ನಿಜವಾಗಿಯೂ ಕಾಯುತ್ತಿದ್ದಳು. ನಾವು ಮೆಟ್ಟಿಲು ಹತ್ತುವಾಗಲೇ ಹಾಲು ಉಕ್ಕುತ್ತಿತ್ತು. ಸ್ಟ್ರಾಂಗು, ಸಕ್ಕರೆ ಕಮ್ಮಿ, ನೊರೆ ಇಲ್ಲ. ಅಮ್ಮ ಅಡುಗೆಮನೆಯಲ್ಲಿ ನಿಂತು ಕುಡಿಯುತ್ತಿದ್ದರೆ ಅಜ್ಜಿ ಅವಳ ಮುಖವನ್ನೇ ನೋಡುತ್ತ, "ಸರಿಯಾಗಿದೆಯಾ? ಅವನಷ್ಟು ಬಂದಿದೆಯಾ?" ಅಂತ ಕೇಳುತ್ತಿದ್ದಳು. "ಅವನದಕ್ಕಿಂತ ಚೆನ್ನಾಗಿದೆ ಅತ್ತೆ" ಅನ್ನುತ್ತಿದ್ದಳು ಅಮ್ಮ. ಐದೂಕಾಲಿಗೆಲ್ಲ ಅವಳ ಸೆರಗು ಸೊಂಟಕ್ಕೆ ಬಂದಿರುತ್ತಿತ್ತು. ನನಗಂತೂ ಖುಷಿಯೋ ಖುಷಿ. ಅಮ್ಮನಿಗೆ ಒಳ್ಳೇ ಕಾಫಿ ಮನೆಯಲ್ಲೇ ಸಿಕ್ಕಿತು, ನನಗೆ ಕುಂಟೆಬಿಲ್ಲೆ ಸಿಕ್ಕಿತು. ಮರುವಾರದಿಂದ ನಾನು ಬಸ್ ಸ್ಟ್ಯಾಂಡಿಗೆ ಹೋಗುವುದನ್ನೇ ಬಿಟ್ಟೆ. ನೀನು ಬಾ ಅಂತ ಅಮ್ಮನೂ ಕರೆಯಲಿಲ್ಲ.

ಅಜ್ಜಿ ಬದುಕಿರುವವರೆಗೆ, ಹತ್ತು ಹನ್ನೊಂದು ವರ್ಷ, ಒಂದು ದಿನ ತಪ್ಪದೆ ಅಮ್ಮನಿಗೆ ಮೊದಲನೆಯದನ್ನು ಕೊಟ್ಟು ತಾನು ನೀರು ನೀರು ಎರಡನೆಯದನ್ನು ಕುಡಿದಳು. ಅಷ್ಟು ಮಾಡುವವಳಿಗೆ ಇವತ್ತು ಸ್ವಲ್ಪ ತಡವಾಗಿ ಬರ್ತೀನಿ ಅಂತ ಯಾವ ಸೊಸೆ ಹೇಳಿಯಾಳು? ಬೈದಿದ್ದರೆ ಅಮ್ಮ ಕದ್ದುಮುಚ್ಚಿಯಾದರೂ ಹೋಗುತ್ತಿದ್ದಳೇನೋ.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷ ಕಳೆದಿತ್ತು. ನನಗೆ ಕೋಲಾರದಲ್ಲಿ ಕೆಲಸ ಸಿಕ್ಕಿತ್ತು. ಅಜ್ಜಿ ಹೋಗಿಯಾಗಿತ್ತು, ಆ ಹೋಟೆಲು ಇದ್ದ ಜಾಗದಲ್ಲಿ ಮೊಬೈಲು ಅಂಗಡಿಗಳು ಎದ್ದಿದ್ದವು. ಚಲಪತಿ ಎಲ್ಲಿಗೆ ಹೋದನೋ ಹೇಳುವವರಿಲ್ಲ. ಹೆದ್ದಾರಿಯ ಮೇಲೆ ಗಾಜಿನ ಗೋಡೆಯ, ಎಸಿಯ, ಸೋಫಾದ ಕಾಫಿ ಶಾಪು ಬಂದಿತ್ತು. ನಾನು ಅಲ್ಲಿ ಒಬ್ಬಳೇ ಹೋಗಿ ಗಂಟೆಗಟ್ಟಲೆ ಕೂರುತ್ತಿದ್ದೆ, ಯಾರ ಮಗುವಿಗೂ ಹಸಿವಾಗಬೇಕಾಗಿರಲಿಲ್ಲ. ಒಂದು ಭಾನುವಾರ ಅಮ್ಮನನ್ನೂ ಕರೆದುಕೊಂಡು ಹೋದೆ. ಸ್ಟ್ರಾಂಗಾಗಿ, ಸಕ್ಕರೆ ಬೇರೆಯಾಗಿ ಕೊಡಿ ಅಂತ ಹೇಳಿದೆ. ಅವಳು ಸೋಫಾದ ಅಂಚಿನಲ್ಲಿ ಕೂತಳು, ಚೀಲ ತೊಡೆಯ ಮೇಲೆ.

"ಒರಗಿ ಕೂತ್ಕೋಮ್ಮ. ಎಷ್ಟು ಹೊತ್ತಾದ್ರೂ ಕೂರಬಹುದು ಇಲ್ಲಿ."

"ಹೂಂ" ಅಂದಳು, ಒರಗಲಿಲ್ಲ. ಕಾಫಿ ಬಂತು. ನಾನು ನನ್ನ ಕಪ್ಪಿಗೆ ಸಕ್ಕರೆ ಕಲಸುವಷ್ಟರಲ್ಲಿ ಅವಳದು ಮುಗಿದಿತ್ತು. ಎರಡು ಗುಟುಕು. ಬಾಯಿ ಒರೆಸಿಕೊಂಡು, "ನಡಿ, ಹೋಗೋಣ" ಅಂದಳು.

ನನಗೆ ಯಾಕೋ ತಡೆಯಲಾಗಲಿಲ್ಲ. "ಅಮ್ಮ, ಆವತ್ತು ನಾನು ಕೂಜದಲ್ಲಿ ಕಾಫಿ ತಂದು ದೊಡ್ಡ ತಪ್ಪು ಮಾಡ್ದೆ ಅಲ್ವಾ?" ಅಂದೆ. ಅಷ್ಟು ವರ್ಷ ನಾವಿಬ್ಬರೂ ಆ ಮಾತು ಎತ್ತಿರಲಿಲ್ಲ.

"ಬಿಡೇ, ನಿನಗೇನು ಗೊತ್ತಿತ್ತು ಆಗ" ಅಂದಳು ಅಮ್ಮ. ಖಾಲಿ ಕಪ್ಪನ್ನು ತಟ್ಟೆಯ ಮೇಲೆ ತಿರುಗಿಸುತ್ತ ಹೇಳಿದಳು: "ನಿಮ್ಮಜ್ಜಿ ಕಾಫಿ ನಿಜವಾಗ್ಲೂ ಚೆನ್ನಾಗಿತ್ತು ಕಣೇ. ಕಾಫಿಗೇನಾಗಿತ್ತು? ಅಲ್ಲಿ ಕೂತಾಗ ಒಂದ್ ಹತ್ತು ನಿಮಿಷ ನನ್ನನ್ನ ಯಾರೂ ಕರೀತಿರಲಿಲ್ಲ."

ಅಷ್ಟರಲ್ಲಿ ಅವಳ ಚೀಲದಲ್ಲಿ ಮೊಬೈಲು ಹೊಡೆದುಕೊಂಡಿತು. ನಾನೇ ಆಸೆಪಟ್ಟು ಕೊಡಿಸಿದ್ದ ಮೊಬೈಲು. ಆಚೆಯಿಂದ ಅಪ್ಪನ ದನಿ ನನಗೂ ಕೇಳಿಸಿತು, ಕಾಫಿ ಪುಡಿ ಡಬ್ಬ ಎಲ್ಲಿಟ್ಟಿದ್ದೀಯ ಅಂತ.

"ಎರಡನೇ ಶೆಲ್ಫಲ್ಲಿದೆ. ಬಿಡಿ, ನೀವು ಚೆಲ್ತೀರ. ಬಂದೆ" ಅಂದಳು ಅಮ್ಮ, ಆಗಲೇ ಎದ್ದು ನಿಂತಿದ್ದಳು.